ಸಸಿಯ ಲೆಕ್ಕ, ಕಾಡಿನ ಲೆಕ್ಕ

ಪ್ರತಿ ವರ್ಷ ಜೂನ್ 5ರಂದು ನಾವು ಸಸಿಗಳನ್ನು ಎಣಿಸುತ್ತೇವೆ. ಲಕ್ಷ, ಕೋಟಿ. ಯಾವ ಸಸಿ ಎಂದು ಮಾತ್ರ ಕೇಳುವುದಿಲ್ಲ. ಮೊದಲು ಕೇಳಬೇಕಾದದ್ದು ಅದನ್ನೇ ಎಂಬುದು ನನ್ನ ತಕರಾರು. ಸಾಕ್ಷಿಗೆ ನಮ್ಮ ಸೀಮೆಯಲ್ಲಿ ಬೆಳೆಯದ ಮರವೊಂದನ್ನು ಕರೆಯುತ್ತೇನೆ: ಉತ್ತರಾಖಂಡದ ಬಾಂಜ್, ಅಂದರೆ ಹಿಮಾಲಯದ ಓಕ್.

ಬಾಂಜ್ ಕಾಡಿನ ನೆಲದ ಮೇಲೆ ತರಗೆಲೆಯ ದಪ್ಪ ಹಾಸಿರುತ್ತದೆ. ಬಿದ್ದ ಮಳೆ ಹರಿದೋಡದೆ ಇಂಗುತ್ತದೆ. ಅದರ ಸೊಪ್ಪು ದನಕ್ಕೆ ಮೇವು, ಕೊಟ್ಟಿಗೆಗೆ ಹಾಸು, ಹೊಲಕ್ಕೆ ಗೊಬ್ಬರ. ಊರ ಒರತೆ ಬತ್ತದಿರುವುದು ಈ ಮರದಿಂದ ಎಂದು ಅಲ್ಲಿನ ಹೆಂಗಸರು ಯಾವ ಪುಸ್ತಕ ಓದದೆಯೂ ಬಲ್ಲರು. ಬ್ರಿಟಿಷರ ಅರಣ್ಯ ಇಲಾಖೆಗೆ ಬೇಕಾಗಿದ್ದದ್ದು ರೈಲು ಹಳಿಯ ಸ್ಲೀಪರು ಮತ್ತು ರಾಳ. ಎರಡನ್ನೂ ಕೊಡುವ ಚೀಡ್ ಪೈನ್‌ಗೆ ಅದು ಮಣೆ ಹಾಕಿತು. ಪೈನ್‌ನ ಸೂಜಿಯೆಲೆಯನ್ನು ದನ ತಿನ್ನುವುದಿಲ್ಲ. ಬೇಸಿಗೆಯಲ್ಲಿ ಕಿಡಿ ತಾಗಿದರೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. 1921ರಲ್ಲಿ ಕುಮಾವೂಂ ಜನ ರೊಚ್ಚಿಗೆದ್ದು ಸರ್ಕಾರದ ಪೈನ್ ಕಾಡುಗಳಿಗೆ ಬೆಂಕಿಯಿಟ್ಟರು. ಆಗ ಅಗಲೆಲೆಯ ಕಾಡುಗಳಿಗೆ ತೊಂದರೆಯಾದ ಪುರಾವೆಯಿಲ್ಲ ಎಂದು ಇತಿಹಾಸಕಾರ ರಾಮಚಂದ್ರ ಗುಹಾ ಬರೆದಿದ್ದಾರೆ. ಆ ಸಿಟ್ಟಿಗೂ ಮರದ ಗುರುತಿತ್ತು.

ಪೈನ್ ಕೂಡ ಅಲ್ಲಿನದೇ ಮರವಲ್ಲವೇ? ಹೌದು. ತಪ್ಪು ಪೈನ್‌ನದಲ್ಲ, ಒಂದೇ ಜಾತಿಯ ಸಾಲನ್ನು ಕಾಡೆಂದು ಕರೆದವರದು. ಬಾಂಜ್ ಬೆಳೆಯುವುದು ನಿಧಾನ ಎಂಬ ಆಕ್ಷೇಪವೂ ಇದೆ. ಅದೂ ನಿಜ. ಅದರ ಬೀಜವನ್ನು ಮೂಟೆ ಕಟ್ಟಿಡಲಾಗದು, ಒಣಗಿದರೆ ಸತ್ತಂತೆ. ಮೊಳೆತ ಗಿಡವನ್ನು ದನಕರುಗಳಿಂದ ವರ್ಷಗಟ್ಟಲೆ ಕಾಯಬೇಕು. ಎಂದರೆ, ಅದನ್ನು ಬೆಳೆಸಲು ಊರವರೇ ಬೇಕು; ಫೋಟೋ ತೆಗೆಸಿಕೊಂಡು ಹೋಗುವವರಿಂದ ಆಗದು. ಇದನ್ನು ನಾನು ಮರದ ದೋಷ ಎನ್ನಲಾರೆ.

ನಮಗಿದು ದೂರದ ಕತೆಯೂ ಅಲ್ಲ. ಸಹಜ ಕಾಡು ಕಡಿದು ತೇಗ ನೆಡುವ ಕ್ರಮಕ್ಕೆ ಬೇಸತ್ತಿದ್ದ ಸಿರ್ಸಿ ಸೀಮೆಯಲ್ಲಿ, 1983ರಲ್ಲಿ ಸಾಲ್ಕಣಿಯ ಜನ ಚಿಪ್ಕೋ ಹಾದಿ ಹಿಡಿದು ಮರಗಳನ್ನು ಅಪ್ಪಿಕೊಂಡರು. ಆದರೂ ಮಲೆನಾಡಿನ ಗುಡ್ಡಗಳ ಮೇಲೆ ಆಸ್ಟ್ರೇಲಿಯಾ ಕಡೆಯ ಅಕೇಶಿಯಾ ಸಾಲುಗಟ್ಟಿ ನಿಂತಿತು. ದೂರದಿಂದ ಹಸಿರು, ಲೆಕ್ಕದಲ್ಲಿ ಅರಣ್ಯ. ಒಳಹೊಕ್ಕ ದನಕ್ಕೆ ಮೇವಿಲ್ಲ.

ಇದನ್ನೋದಿ ದಯವಿಟ್ಟು ಬೆಂಗಳೂರಿನಲ್ಲಿ ಓಕ್ ನೆಡಬೇಡಿ. ಓಕ್ ಅಲ್ಲಿಯದು, ನಮ್ಮವು ಅತ್ತಿ, ನೇರಳೆ, ಹೊಂಗೆ. ಮುಂದಿನ ಜೂನ್‌ನಲ್ಲಿ ಯಾರಾದರೂ ನಿಮ್ಮ ಕೈಗೆ ಸಸಿ ಕೊಟ್ಟರೆ, ಗುಂಡಿಗಿಳಿಸುವ ಮೊದಲು ಅದರ ಹೆಸರು ಕೇಳಿ. ಆಮೇಲೆ ಇನ್ನೊಂದು ಪ್ರಶ್ನೆ: ಮುಂದಿನ ಬೇಸಿಗೆಯಲ್ಲಿ ಇದಕ್ಕೆ ನೀರು ಹಾಕುವವರು ಯಾರು?