ಕ್ರಿಸ್‌ಮಸ್ ಮ್ಯಾಕರೋನ್‌ನ ಬಣ್ಣ ವಿಷವೇ? ಫಾರ್ವರ್ಡ್ ಸಂದೇಶಗಳು ಹೇಳದೆ ಬಿಡುವ ಸಂಗತಿಗಳು

ಡಿಸೆಂಬರ್ ಎರಡನೇ ವಾರ ದಾಟಿದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ತಯಾರಿ ಶುರುವಾಗುತ್ತದೆ. ನೆವ್ರ್ಯೊ, ಕಿಡ್ಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ರೋಸ್ ಕುಕೀಸ್ ಎಲ್ಲವೂ ಡಬ್ಬಿ ಸೇರಿ, ಹಬ್ಬದ ದಿನ ತಟ್ಟೆಯಲ್ಲಿ ಅಕ್ಕಪಕ್ಕದ ಮನೆಗಳಿಗೂ ಹೋಗುತ್ತವೆ. ಈ ತಟ್ಟೆಗೆ ಈಗ ಇನ್ನೊಂದು ತಿಂಡಿ ಸೇರುತ್ತಿದೆ: ಕೆಂಪು, ಹಸಿರು, ನೀಲಿ ಬಣ್ಣದ, ಮೇಲೆ ಚಿನ್ನದ ಹೊಳಪು ಬಳಿದ ಮ್ಯಾಕರೋನ್. ಮೊಬೈಲ್‌ನಲ್ಲಿ ವಿಡಿಯೊ ನೋಡಿ ಮನೆಯಲ್ಲೇ ಮಾಡುವವರಿದ್ದಾರೆ, ಆರ್ಡರ್ ತೆಗೆದುಕೊಂಡು ಮಾರುವವರೂ ಇದ್ದಾರೆ.

ಇದರ ಜೊತೆಗೇ ವಾಟ್ಸ್‌ಆ್ಯಪ್‌ನಲ್ಲಿ ಎಚ್ಚರಿಕೆಯ ಸಂದೇಶಗಳೂ ಓಡಾಡುತ್ತವೆ. "ಬಣ್ಣದ ಕೇಕ್ ತಿಂದರೆ ಕ್ಯಾನ್ಸರ್", "ಅಮೆರಿಕದಲ್ಲಿ ಬ್ಯಾನ್ ಆದ ಬಣ್ಣ ನಮ್ಮ ಮಕ್ಕಳಿಗೆ", "ಒದ್ದೆ ಹತ್ತಿಯಲ್ಲಿ ಒರೆಸಿ ನೋಡಿ, ಬಣ್ಣ ಬಿಟ್ಟರೆ ವಿಷ". ಇವುಗಳಲ್ಲಿ ಸ್ವಲ್ಪ ನಿಜವಿದೆ. ಆದರೆ ಅವು ಹೆದರಿಸುವುದು ಒಂದಕ್ಕೆ, ನಿಜವಾದ ಅಪಾಯ ಇರುವುದು ಇನ್ನೊಂದರಲ್ಲಿ.

ಮೊದಲು, ಮ್ಯಾಕರೋನ್ ಎಂದರೇನು?

ಮೊಟ್ಟೆಯ ಬಿಳಿ ಭಾಗ, ಸಕ್ಕರೆ ಮತ್ತು ನುಣ್ಣಗೆ ಪುಡಿ ಮಾಡಿದ ಬಾದಾಮಿ ಸೇರಿಸಿ ಬೇಯಿಸಿದ ಎರಡು ಬಿಲ್ಲೆಗಳು, ಅವುಗಳ ನಡುವೆ ಕ್ರೀಮ್ ಅಥವಾ ಚಾಕೊಲೇಟ್ ಹೂರಣ. ಇದು ಫ್ರೆಂಚ್ ಮ್ಯಾಕರೋನ್. ನಮ್ಮ ಬೇಕರಿಗಳಲ್ಲಿ ಸಿಗುವ, ಗೇರುಬೀಜ ಹಾಕಿ ಮಾಡುವ ಮ್ಯಾಕರೂನ್ ಇದರ ಹತ್ತಿರದ ಸಂಬಂಧಿ. ತಮಿಳುನಾಡಿನ ತೂತ್ತುಕುಡಿಯ ಹೆಸರಾಂತ ಮ್ಯಾಕರೂನ್ ಕೂಡ ಗೇರುಬೀಜದ್ದೇ. ಗೇರುಬೀಜದ ಮ್ಯಾಕರೂನ್ ಸಾಮಾನ್ಯವಾಗಿ ಬಿಳಿ ಅಥವಾ ತಿಳಿ ಕಂದು ಬಣ್ಣದ್ದು, ಅದಕ್ಕೆ ಅಲಂಕಾರ ಬೇಕಿಲ್ಲ. ಫ್ರೆಂಚ್ ಮ್ಯಾಕರೋನ್‌ನ ಅಂದ ಮಾತ್ರ ಬಣ್ಣದ ಮೇಲೆಯೇ ನಿಂತಿದೆ. ಆದ್ದರಿಂದಲೇ ಬಣ್ಣದ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ.

"ಕೇಕ್‌ನಲ್ಲಿ ಕ್ಯಾನ್ಸರ್" ಸುದ್ದಿ ಎಲ್ಲಿಂದ ಬಂತು?

2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಹಲವು ತಿಂಡಿಗಳ ಮಾದರಿ ಸಂಗ್ರಹಿಸಿ ಪರೀಕ್ಷಿಸಿತು. ಮಾರ್ಚ್‌ನಲ್ಲಿ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ ಎಂದು ಕಂಡುಬಂತು. ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು, ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಬಳಸುವುದನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್ ಸರದಿ: 39 ಮಾದರಿಗಳಲ್ಲಿ 8 ಅಸುರಕ್ಷಿತ. ಅಕ್ಟೋಬರ್‌ನಲ್ಲಿ ಕೇಕ್ ಪರೀಕ್ಷೆಯ ಸುದ್ದಿ ಬಂತು: 235 ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣ ಅಪಾಯಕಾರಿ ಪ್ರಮಾಣದಲ್ಲಿತ್ತು.

ಫಾರ್ವರ್ಡ್ ಆಗಿದ್ದು ಆ 12ರ ಸುದ್ದಿ. ಉಳಿದ 223 ಮಾದರಿಗಳು ಸುರಕ್ಷಿತವಾಗಿದ್ದವು ಎಂಬುದು ಹೆಚ್ಚಿನವರ ಮೊಬೈಲ್‌ಗೆ ತಲುಪಲೇ ಇಲ್ಲ. 12 ಕೇಕ್‌ಗಳ ತಪ್ಪು ಸಣ್ಣದೆಂದಲ್ಲ. ಆದರೆ ಈ ಅಂಕಿಗಳಿಂದ "ಬಣ್ಣ ಇರುವ ಎಲ್ಲವೂ ವಿಷ" ಎಂಬ ತೀರ್ಮಾನ ಹೊರಡುವುದಿಲ್ಲ.

ಈ ಸುದ್ದಿಗಳಲ್ಲಿ ಮೂರು ಬೇರೆ ಬೇರೆ ತಪ್ಪುಗಳು ಕಲಸಿಹೋಗಿವೆ.

1. ಆಹಾರಕ್ಕೆ ಬಳಸಲೇಬಾರದ ಬಣ್ಣ. ರೋಡಮೈನ್-ಬಿ ಬಟ್ಟೆ, ಕಾಗದ, ಊದುಬತ್ತಿಗೆ ಬಳಸುವ ಬಣ್ಣ. ಎಷ್ಟೇ ಕಡಿಮೆ ಹಾಕಿದರೂ ಆಹಾರದಲ್ಲಿ ಅದು ಅಪರಾಧ.

2. ಅನುಮತಿ ಇರುವ ಬಣ್ಣ, ಆದರೆ ಅನುಮತಿ ಇಲ್ಲದ ತಿಂಡಿಯಲ್ಲಿ. ಸನ್‌ಸೆಟ್ ಯೆಲ್ಲೊವನ್ನು ಕೇಕ್, ಬಿಸ್ಕತ್ತು, ಮಿಠಾಯಿಗೆ ಮಿತಿಯೊಳಗೆ ಹಾಕಬಹುದು. ಅದೇ ಬಣ್ಣವನ್ನು ಕಬಾಬ್‌ಗೆ ಹಾಕುವಂತಿಲ್ಲ.

3. ಅನುಮತಿ ಇರುವ ಬಣ್ಣ, ಅನುಮತಿ ಇರುವ ತಿಂಡಿ, ಆದರೆ ಪ್ರಮಾಣ ಮಿತಿ ಮೀರಿದ್ದು.

ಮನೆಯಲ್ಲಿ ಮ್ಯಾಕರೋನ್ ಮಾಡುವವರಿಂದ ಗೊತ್ತಿಲ್ಲದೆ ಆಗಬಹುದಾದ ತಪ್ಪು ಹೆಚ್ಚಾಗಿ ಮೂರನೆಯದು.

ಎಷ್ಟು ಬಣ್ಣ ಹಾಕಬಹುದು?

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಬಹುಕಾಲದಿಂದ ಇರುವ ಕೃತಕ ಬಣ್ಣಗಳು ಎಂಟು. ಡಬ್ಬಿಯ ಮೇಲೆ ಇವು ಐಎನ್‌ಎಸ್ ಸಂಖ್ಯೆಯ ರೂಪದಲ್ಲಿರುತ್ತವೆ: ಟಾರ್ಟ್ರಾಜಿನ್ 102, ಸನ್‌ಸೆಟ್ ಯೆಲ್ಲೊ 110, ಕಾರ್ಮೊಯ್ಸಿನ್ 122, ಪೊನ್ಸೊ 4ಆರ್ 124, ಎರಿಥ್ರೋಸಿನ್ 127, ಇಂಡಿಗೊ ಕಾರ್ಮೈನ್ 132, ಬ್ರಿಲಿಯಂಟ್ ಬ್ಲೂ 133, ಫಾಸ್ಟ್ ಗ್ರೀನ್ 143. ಕೇಕ್, ಬಿಸ್ಕತ್ತಿನಂಥ ತಿಂಡಿಗಳಲ್ಲಿ ಮಿತಿ ಕಿಲೋಗೆ 100 ಮಿಲಿಗ್ರಾಂ.

100 ಮಿಲಿಗ್ರಾಂ ಎಂದರೆ ಎಷ್ಟು? ಒಂದು ಚಿಟಿಕೆ ಉಪ್ಪು ಸುಮಾರು 300 ಮಿಲಿಗ್ರಾಂ ತೂಗುತ್ತದೆ. ಅಂದರೆ ಒಂದು ಕಿಲೋ ತಿಂಡಿಗೆ ಶುದ್ಧ ಬಣ್ಣದ ಪುಡಿಯನ್ನು ಒಂದು ಚಿಟಿಕೆ ಹಾಕಿದರೂ ಮಿತಿಯ ಮೂರು ಪಟ್ಟು ಆಯಿತು. ಮಾರುಕಟ್ಟೆಯ ಜೆಲ್ ಮತ್ತು ಪುಡಿಗಳಲ್ಲಿ ಬಣ್ಣದ ಜೊತೆ ಬೇರೆ ಪದಾರ್ಥಗಳೂ ಸೇರಿರುತ್ತವೆ. ಹಾಗಾಗಿ ಕಣ್ಣಳತೆ ನಂಬುವುದಕ್ಕಿಂತ ಡಬ್ಬಿಯ ಮೇಲಿನ ಬಳಕೆ ಪ್ರಮಾಣ ಓದುವುದು ಒಳ್ಳೆಯದು.

ಮಗುವಿನ ಲೆಕ್ಕದಲ್ಲಿ ನೋಡೋಣ. ಕ್ರಿಸ್‌ಮಸ್ ಕೆಂಪಿಗೆ ಬಳಸುವ ಬಣ್ಣಗಳಲ್ಲಿ ಪೊನ್ಸೊ 4ಆರ್ ಒಂದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2009ರಲ್ಲಿ ಇದಕ್ಕೆ ಹಾಕಿದ ಮಿತಿ, ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.7 ಮಿಲಿಗ್ರಾಂ. 15 ಕಿಲೋ ತೂಗುವ ಮಗುವಿಗೆ ಇದು 10.5 ಮಿಲಿಗ್ರಾಂ. 15 ಗ್ರಾಂ ತೂಕದ ಮ್ಯಾಕರೋನ್ ಒಂದರಲ್ಲಿ, ಭಾರತದ ಮಿತಿಯಷ್ಟೇ ಬಣ್ಣ ಹಾಕಿದ್ದರೆ, 1.5 ಮಿಲಿಗ್ರಾಂ ಇರುತ್ತದೆ. ಅಂದರೆ ಮಗು ಏಳು ಮ್ಯಾಕರೋನ್ ತಿಂದಾಗ ಆ ಗೆರೆ ಮುಟ್ಟುತ್ತದೆ. ಆದರೆ ಮಾಡುವವರು ಐದು ಪಟ್ಟು ಬಣ್ಣ ಸುರಿದಿದ್ದರೆ ಎರಡನೆಯದರಲ್ಲೇ ಗೆರೆ ದಾಟಿಹೋಗುತ್ತದೆ.

ಒಂದು ದಿನ ಗೆರೆ ದಾಟಿದರೆ ಮಗುವಿಗೆ ವಿಷವೇರುತ್ತದೆ ಎಂದಲ್ಲ. ಈ ಮಿತಿಯನ್ನು ಜೀವನಪೂರ್ತಿ ದಿನವೂ ತಿಂದರೆ ಎಂಬ ಲೆಕ್ಕದಲ್ಲಿ, ಸಾಕಷ್ಟು ಅಂತರ ಬಿಟ್ಟು ಇಟ್ಟಿರುತ್ತಾರೆ. ಆದರೆ ಹಬ್ಬದ ವಾರದಲ್ಲಿ ಮಗು ತಿನ್ನುವುದು ಮ್ಯಾಕರೋನ್ ಒಂದನ್ನೇ ಅಲ್ಲ. ಜೆಲ್ಲಿ, ಐಸ್‌ಕ್ರೀಮ್, ಬಣ್ಣದ ಪಾನೀಯ ಎಲ್ಲದರ ಲೆಕ್ಕವೂ ಇದೇ ಖಾತೆಗೆ ಸೇರುತ್ತದೆ.

ಮ್ಯಾಕರೋನ್‌ನಲ್ಲಿ ಬಣ್ಣ ಮಿತಿ ಮೀರುವುದಕ್ಕೆ ಕಾರಣವೂ ಇದೆ. ಒಲೆಯ ಬಿಸಿಗೆ ಬಣ್ಣ ಮಂಕಾಗುತ್ತದೆ. ಹೊರಬಂದಾಗಲೂ ಗಾಢವಾಗಿ ಕಾಣಲೆಂದು ಹಿಟ್ಟಿಗೆ ಬೇಕಾದ್ದಕ್ಕಿಂತ ಹೆಚ್ಚು ಹಾಕುವ ಅಭ್ಯಾಸ ಇದೆ. ವಿಡಿಯೊದಲ್ಲಿ ಕಾಣುವ ಕಡುಗೆಂಪು ಬಣ್ಣಕ್ಕೆ ಆಸೆಪಟ್ಟರೆ ಪ್ರಮಾಣ ಏರುತ್ತದೆ. ತಿಳಿ ಬಣ್ಣ ಸಾಕು ಎಂದುಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

"ಅಮೆರಿಕದಲ್ಲಿ ಬ್ಯಾನ್" ಎಂಬುದು ನಿಜವೇ?

ನಿಜ, ಒಂದು ಬಣ್ಣದ ಮಟ್ಟಿಗೆ. 2025ರ ಜನವರಿಯಲ್ಲಿ ಅಮೆರಿಕದ ಎಫ್‌ಡಿಎ, ಆಹಾರದಲ್ಲಿ ಎರಿಥ್ರೋಸಿನ್‌ಗಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು. ಹೆಚ್ಚಿನ ಪ್ರಮಾಣದಲ್ಲಿ ತಿನ್ನಿಸಿದ ಗಂಡು ಇಲಿಗಳಲ್ಲಿ ಥೈರಾಯ್ಡ್ ಗಡ್ಡೆ ಕಂಡುಬಂದಿತ್ತು. ಇಲಿಗಳಲ್ಲಿ ಇದು ನಡೆಯುವ ಬಗೆ ಮನುಷ್ಯರಲ್ಲಿ ಇಲ್ಲ ಎಂದು ಎಫ್‌ಡಿಎಯೇ ಹೇಳಿದೆ. ಆದರೆ ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ ಬಣ್ಣಕ್ಕೆ ಅನುಮತಿ ಕೊಡಬಾರದೆಂಬ ಕಾನೂನು ಅಲ್ಲಿದೆ.

ಮಕ್ಕಳ ವರ್ತನೆಯ ಪ್ರಶ್ನೆ ಬೇರೆ. 2007ರಲ್ಲಿ ಬ್ರಿಟನ್‌ನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಅಧ್ಯಯನ, ಕೆಲವು ಬಣ್ಣಗಳನ್ನು ಸೋಡಿಯಂ ಬೆಂಜೊಯೇಟ್ ಜೊತೆ ಕೊಟ್ಟಾಗ ಕೆಲ ಮಕ್ಕಳಲ್ಲಿ ಚಂಚಲತೆ ಹೆಚ್ಚಿದ್ದನ್ನು ಗುರುತಿಸಿತು. ಅದರ ನಂತರ 2010ರಿಂದ ಯುರೋಪಿನಲ್ಲಿ ಆರು ಬಣ್ಣಗಳಿರುವ ಆಹಾರದ ಮೇಲೆ ಎಚ್ಚರಿಕೆ ಮುದ್ರಿಸುವುದು ಕಡ್ಡಾಯವಾಯಿತು. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್, ಪೊನ್ಸೊ 4ಆರ್ ಆ ಪಟ್ಟಿಯಲ್ಲಿವೆ. ಚಿಕ್ಕ ಮಕ್ಕಳಿಗೆ ಬಣ್ಣದ ತಿಂಡಿ ಕಡಿಮೆ ಕೊಡಬೇಕು ಎನ್ನುವುದಕ್ಕೆ ಇದು "ಕ್ಯಾನ್ಸರ್" ಫಾರ್ವರ್ಡ್‌ಗಿಂತ ಗಟ್ಟಿಯಾದ ಕಾರಣ.

ಫಾರ್ವರ್ಡ್‌ಗಳು ಮರೆತ ಅಪಾಯ: ಹೊಳೆಯುವ ಪುಡಿ

ಮ್ಯಾಕರೋನ್ ಮೇಲೆ ಕುಂಚದಲ್ಲಿ ಬಳಿಯುವ ಚಿನ್ನ, ಬೆಳ್ಳಿ ಬಣ್ಣದ ಪುಡಿಗೆ ಲಸ್ಟರ್ ಡಸ್ಟ್ ಎನ್ನುತ್ತಾರೆ. ಇದರಲ್ಲಿ ತಿನ್ನಬಹುದಾದದ್ದೂ ಇದೆ, ತಿನ್ನಬಾರದ್ದೂ ಇದೆ. ನೋಡಲು ಎರಡೂ ಒಂದೇ.

ಅಮೆರಿಕದ ರೋಡ್ ಐಲ್ಯಾಂಡ್‌ನಲ್ಲಿ 2018ರಲ್ಲಿ ಒಂದು ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳು ವಾಂತಿಯಿಂದ ಬಳಲಿದರು. ಕೇಕ್ ಮೇಲಿನ ಚಿನ್ನದ ಬಣ್ಣದ ಪುಡಿ ತಾಮ್ರದ್ದಾಗಿತ್ತು. 2019ರಲ್ಲಿ ಮಿಸ್ಸೂರಿಯಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸದ ಅಂಶ ಹೆಚ್ಚಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಹುಟ್ಟುಹಬ್ಬದ ಕೇಕ್‌ನ ಹೂವಿಗೆ ಹಚ್ಚಿದ ಹಳದಿ ಪುಡಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಈ ಎರಡೂ ಪ್ರಕರಣಗಳ ವಿವರ ಪ್ರಕಟಿಸಿತು.

ಗೊಂದಲಕ್ಕೆ ಕಾರಣ "ನಾನ್-ಟಾಕ್ಸಿಕ್" ಎಂಬ ಪದ. ಇದರರ್ಥ "ತಿನ್ನಬಹುದು" ಎಂದಲ್ಲ. ಮಕ್ಕಳ ಕ್ರೇಯಾನ್ ಮೇಲೂ ನಾನ್-ಟಾಕ್ಸಿಕ್ ಎಂದೇ ಬರೆದಿರುತ್ತದೆ, ಅದನ್ನು ಯಾರೂ ಬಡಿಸುವುದಿಲ್ಲ. ಡಬ್ಬಿಯ ಮೇಲೆ "ಎಡಿಬಲ್" ಎಂಬ ಪದ, ಪದಾರ್ಥಗಳ ಪಟ್ಟಿ ಮತ್ತು ಎಫ್‌ಎಸ್‌ಎಸ್‌ಎಐ ಸಂಖ್ಯೆ ಮೂರೂ ಇರಬೇಕು. "ಫಾರ್ ಡೆಕೊರೇಶನ್ ಓನ್ಲಿ" ಎಂದಿದ್ದರೆ ಅದನ್ನು ತಿಂಡಿಗೆ ತಾಗಿಸಬೇಡಿ. ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಬಿಡಿಯಾಗಿ ಕಟ್ಟಿಕೊಡುವ ಪುಡಿಯ ಬಗ್ಗೆ ತಿಳಿಯುವ ದಾರಿಯೇ ಇಲ್ಲ.

ಬೆಳ್ಳಿಯ ವರಕ್ ಬಳಸುವುದಾದರೆ ಅದಕ್ಕೂ ನಿಯಮವಿದೆ. ಎಫ್‌ಎಸ್‌ಎಸ್‌ಎಐ 2016ರಲ್ಲಿ ತಂದ ನಿಯಮದಂತೆ ವರಕ್‌ನ ಬೆಳ್ಳಿ 999 ಶುದ್ಧತೆಯದ್ದಾಗಿರಬೇಕು, ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಜನ್ಯ ವಸ್ತು ಬಳಸಬಾರದು.

ಇನ್ನೊಂದು ಅಪಾಯ: ಹಸಿ ಮೊಟ್ಟೆ

ಬೇರೆ ದೇಶದ ಪಾಕವಿಧಾನಗಳಲ್ಲಿ "ಮೊಟ್ಟೆಯ ಬಿಳಿಯನ್ನು ಒಂದು ದಿನ ಹೊರಗೆ ಇಡಿ" ಎಂಬ ಸಲಹೆ ಇರುತ್ತದೆ. ಚಳಿಗಾಲದ ಯುರೋಪಿನ ಅಡುಗೆಮನೆ ಬೇರೆ, ಡಿಸೆಂಬರ್‌ನಲ್ಲೂ ಹಗಲು 30 ಡಿಗ್ರಿ ದಾಟುವ ನಮ್ಮ ಕರಾವಳಿ ಬೇರೆ. ಇಲ್ಲಿ ಹೊರಗಿಟ್ಟರೆ ಸಾಲ್ಮೊನೆಲ್ಲಾದಂಥ ರೋಗಾಣು ಬೆಳೆಯಲು ಅವಕಾಶ ಕೊಟ್ಟಂತೆ. ಇಡಲೇಬೇಕಿದ್ದರೆ ಮುಚ್ಚಿ ಫ್ರಿಜ್‌ನಲ್ಲಿಡಿ.

ಮ್ಯಾಕರೋನ್ ಬಿಲ್ಲೆಗಳು ಒಲೆಯಲ್ಲಿ ಬೇಯುವುದರಿಂದ ಅವುಗಳ ಚಿಂತೆ ಕಡಿಮೆ. ಆದರೆ ಅವುಗಳ ಮೇಲೆ ನಕ್ಷತ್ರ, ಹಿಮದ ಮನುಷ್ಯನ ಚಿತ್ರ ಬಿಡಿಸಲು ಬಳಸುವ ರಾಯಲ್ ಐಸಿಂಗ್ ಬೇಯುವುದಿಲ್ಲ. ಅದನ್ನು ಹಸಿ ಮೊಟ್ಟೆಯ ಬಿಳಿಯಿಂದ ಮಾಡುವ ಬದಲು ಅಂಗಡಿಯಲ್ಲಿ ಸಿಗುವ ಮೆರಿಂಗ್ ಪೌಡರ್‌ನಿಂದ ಮಾಡುವುದು ಸುರಕ್ಷಿತ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ತಿನ್ನುವ ತಟ್ಟೆಯಾದರೆ ಇದನ್ನು ಮರೆಯಬೇಡಿ.

ಒದ್ದೆ ಹತ್ತಿಯ ಪರೀಕ್ಷೆ ಏನು ಹೇಳುತ್ತದೆ?

ಏನೂ ಹೇಳುವುದಿಲ್ಲ. ಅನುಮತಿ ಇರುವ ಎಂಟೂ ಬಣ್ಣಗಳು ನೀರಿನಲ್ಲಿ ಕರಗುತ್ತವೆ, ರೋಡಮೈನ್-ಬಿ ಕೂಡ ಕರಗುತ್ತದೆ. ಹತ್ತಿಗೆ ಬಣ್ಣ ಹತ್ತಿದರೆ "ಬಣ್ಣ ಹಾಕಿದ್ದಾರೆ" ಎಂದಷ್ಟೇ ಗೊತ್ತಾಗುತ್ತದೆ. ಯಾವ ಬಣ್ಣ, ಎಷ್ಟು ಎಂಬುದನ್ನು ಪ್ರಯೋಗಾಲಯ ಮಾತ್ರ ಹೇಳಬಲ್ಲದು. ನಾಲಿಗೆ ಕೆಂಪಾದರೆ ವಿಷ ಎಂಬ ಮಾತಿಗೂ ಇದೇ ಉತ್ತರ.

ನೈಸರ್ಗಿಕ ಬಣ್ಣ ಹಾಕಬಹುದಲ್ಲ?

ಹಾಕಬಹುದು, ಆದರೆ ಎಲ್ಲಿ ಹಾಕುತ್ತೇವೆ ಎಂಬುದು ಮುಖ್ಯ. ಪುನರ್ಪುಳಿಯ ಕೆಂಪು, ಹುಳಿ ಇದ್ದಾಗಲಷ್ಟೇ ಕೆಂಪು. ಮೊಟ್ಟೆಯ ಬಿಳಿ ಕ್ಷಾರೀಯ, ಅದರೊಳಗೆ ಬಿದ್ದರೆ ಆ ಕೆಂಪು ಮಂಕಾಗಿ ನೀಲಿ-ಬೂದಿಗೆ ತಿರುಗಬಹುದು. ಬೀಟ್‌ರೂಟ್ ಮತ್ತು ಬಸಳೆ ಹಣ್ಣಿನ ಬಣ್ಣ ಬಿಸಿಗೆ ನಿಲ್ಲುವುದಿಲ್ಲ, ಒಲೆಯಿಂದ ಹೊರಬರುವಾಗ ಕಂದು ಛಾಯೆ ಬಂದಿರುತ್ತದೆ. ಅರಿಶಿನ ಮಾತ್ರ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಹೀಗಾಗಿ ಬಿಲ್ಲೆಯನ್ನು ಬಿಳಿಯಾಗಿಯೇ ಬೇಯಿಸಿ, ಬಣ್ಣವನ್ನು ನಡುವಿನ ಹೂರಣಕ್ಕೆ ಹಾಕುವುದು ಜಾಣತನ. ಹೂರಣ ಒಲೆಗೆ ಹೋಗುವುದಿಲ್ಲ, ಪುನರ್ಪುಳಿಯ ಕೆಂಪು ಉಳಿಯುತ್ತದೆ, ಸಿಹಿಗೆ ಹಿತವಾದ ಹುಳಿಯೂ ಸೇರುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಹಬ್ಬಕ್ಕೆ ಮೂರು ದಿನ ಇರುವಾಗ "ಬಣ್ಣದ ತಿಂಡಿ ಯಾರೂ ಕೊಳ್ಳಬೇಡಿ" ಎಂಬ ಸಂದೇಶ ಊರಿನ ಗುಂಪಿಗೆ ಬಿದ್ದರೆ, ಮೊದಲು ಪೆಟ್ಟು ಬೀಳುವುದು ಮನೆಯಲ್ಲಿ ಶುಚಿಯಾಗಿ ಮಾಡಿ ನಾಲ್ಕು ಕಾಸು ಸಂಪಾದಿಸುವ ಹೆಂಗಸರಿಗೆ. ಹೆಸರಿಲ್ಲದ ಪುಡಿ ಬಳಸುವವರಿಗೆ ಆ ಸಂದೇಶದಿಂದ ಬುದ್ಧಿ ಬರುವುದಿಲ್ಲ. ಅದರ ಬದಲು ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಬಹುದು:

• ಎಫ್‌ಎಸ್‌ಎಸ್‌ಎಐ ನೋಂದಣಿ ಇದೆಯೇ? ಮನೆಯಿಂದ ಮಾರುವವರಿಗೂ ಅದು ಬೇಕು. ಸಂಖ್ಯೆಯಲ್ಲಿ 14 ಅಂಕಿಗಳಿರುತ್ತವೆ.
• ಬಳಸಿದ ಬಣ್ಣದ, ಹೊಳಪಿನ ಪುಡಿಯ ಡಬ್ಬಿ ತೋರಿಸಬಹುದೇ?
• ಮೇಲಿನ ಐಸಿಂಗ್‌ನಲ್ಲಿ ಹಸಿ ಮೊಟ್ಟೆ ಇದೆಯೇ?
• ಒಳಗಿರುವುದು ಬಾದಾಮಿಯೋ, ಗೇರುಬೀಜವೋ, ನೆಲಗಡಲೆಯೋ? ಅಲರ್ಜಿ ಇರುವವರಿಗೆ ಇದು ಬಹಳ ಮುಖ್ಯ.

ಒಳ್ಳೆಯ ಪದಾರ್ಥ ಬಳಸಿದವರು ಡಬ್ಬಿ ತೋರಿಸಲು ಹಿಂಜರಿಯುವುದಿಲ್ಲ. ಗುಂಪಿಗೆ ಏನಾದರೂ ಕಳುಹಿಸಲೇಬೇಕು ಅನಿಸಿದರೆ ಈ ನಾಲ್ಕು ಪ್ರಶ್ನೆಗಳನ್ನು ಕಳುಹಿಸಿ.