ನಡುಗುವ ಕೈಗಳ ಲೆಕ್ಕ

ನಮ್ಮ ಮುತ್ಯಾನ ಬಲಗೈ ಮೊದಲು ನಡುಗಿತು. ಮುಂದೆ ಹೆಜ್ಜೆಯೂ ತಡವರಿಸಿತು. ‘ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾದರು. ಅದು ಪಾರ್ಕಿನ್ಸನ್ ರೋಗವೆಂದು ತಿಳಿಯಲು ನಾಲ್ಕು ವರ್ಷ ಹಿಡಿಯಿತು. 1817ರಲ್ಲಿಯೇ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ ರೋಗವದು! ಮೆದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳು ಸಾಯುವದರಿಂದ ಮೈ ಹೀಗಾಗುವದು. ಅವು ಏಕೆ ಸಾಯುತ್ತವೆಂಬುದೇ ಪ್ರಶ್ನೆ.

ಅಮೇರಿಕೆಯ ಆಯೋವಾ, ಉತ್ತರ ಕ್ಯಾರೊಲಿನಾ ರಾಜ್ಯಗಳ ರೈತ ಕುಟುಂಬಗಳನ್ನು ಕುರಿತ ಸಂಶೋಧನೆಯೊಂದು 2011ರಲ್ಲಿ ಪ್ರಕಟವಾಯಿತು. ಪ್ಯಾರಾಕ್ವಾಟ್ ಕಳೆನಾಶಕ ಇಲ್ಲವೆ ರೊಟೆನೋನ್ ಕೀಟನಾಶಕ ಬಳಸಿದವರಲ್ಲಿ ಈ ರೋಗ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತು. ಇಷ್ಟರಿಂದಲೇ ಅದೇ ಕಾರಣವೆಂದು ಸಿದ್ಧವಾಗದು, ನಿಜ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಕಬ್ಬಿನ ಹೊಲಗಳಲ್ಲಿ ಬರಿಗೈಯಿಂದ ‘ಎಣ್ಣಿ’ ಹೊಡೆಯುವವರ ಗತಿಯೇನು? ಮುತ್ಯಾ ಮೂವತ್ತು ವರ್ಷ ಹೊಡೆದವನು. ಈಗ ತಂದೆಯವರು ಹೊಡೆಯುತ್ತಾರೆ. ಕೈಗವಸು ತಂದುಕೊಟ್ಟರೆ ನಗುತ್ತಾರೆ. ನಮ್ಮ ಮನೆಗಂತೂ ಯಾರೂ ಕೇಳಲು ಬಂದಿಲ್ಲ.

ಸಂಶೋಧನೆಗಾಗಿ ಮೆದುಳುಗಳನ್ನು ಕಾಯ್ದಿಡುವ ಭಂಡಾರವು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಇದೆ. ಅಲ್ಲಿಗೆ ಹೋದ ರೋಗಿಯ ಹೆಸರು ದಾಖಲಾಗುವದು. ಊರ ಕಟ್ಟೆಯ ಮೇಲೆ ಕುಳಿತು ನಡುಗುವವನದು ಆಗದು. ಇದೆಲ್ಲ ವೈದ್ಯರ ಕೆಲಸ, ಕಲಾ ವಿದ್ಯಾರ್ಥಿಗಳಿಗೇಕೆ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಸೇವಾ ಯೋಜನೆಯ ಶಿಬಿರದಲ್ಲಿ ಗಟಾರ ಬಳಿಯುವ ಏಳು ದಿನಗಳಲ್ಲಿ ಎರಡನ್ನು ಇದಕ್ಕೆ ಕೊಡೋಣ. ಯಾರ ಕೈ ನಡುಗುತ್ತದೆ, ಎಷ್ಟು ವರ್ಷ ಯಾವ ಎಣ್ಣಿ ಹೊಡೆದರು ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಂಡು ವೈದ್ಯರಿಗೆ ಒಪ್ಪಿಸೋಣ. ಮೊದಲನೆಯ ಮನೆ ನಮ್ಮದೇ ಇರಲಿ.