ರಜೆಯಲ್ಲೂ ಬಿಡದ ಸೇನಾ ಶಿಸ್ತು

ಸೇನಾ ಕ್ಯಾಂಟೀನಿನಲ್ಲಿ ಮದ್ಯ ಅಗ್ಗವಾದರೂ ಹುದ್ದೆಗೆ ತಕ್ಕಂತೆ ತಿಂಗಳಿಗಿಷ್ಟೇ ಬಾಟಲಿ ಎಂಬ ಮಿತಿಯಿದೆ. ಕಾರ್ಡ್ ತೋರಿಸಿಯೇ ಪಡೆಯಬೇಕು. ಕುಡಿದ ಮೇಲಿನ ನಿಯಮ ಇನ್ನೂ ಬಿಗಿ. 1950ರ ಸೇನಾ ಕಾಯ್ದೆಯ 48ನೇ ಕಲಂ ಪ್ರಕಾರ, ಕರ್ತವ್ಯದಲ್ಲಿರಲಿ ಬಿಡಲಿ, ಅಮಲೇರಿದ ಸ್ಥಿತಿಯಲ್ಲಿ ಸಿಕ್ಕಿಬೀಳುವುದೇ ಅಪರಾಧ. ಕೋರ್ಟ್ ಮಾರ್ಷಲ್‌ನಲ್ಲಿ ಸಾಬೀತಾದರೆ ಅಧಿಕಾರಿ ಹುದ್ದೆಯನ್ನೇ ಕಳೆದುಕೊಳ್ಳಬಹುದು. ಉಳಿದವರಿಗೆ 2 ವರ್ಷದವರೆಗೆ ಜೈಲು. ಕರ್ತವ್ಯದಲ್ಲಿಲ್ಲದ ಜವಾನನಿಗೆ ಗರಿಷ್ಠ 6 ತಿಂಗಳು. ಹುದ್ದೆಗೆ ತಕ್ಕುದಲ್ಲದ ನಡತೆಗೆ 45ನೇ ಕಲಂ ಬೇರೆಯೇ ಇದೆ.

ಇಂಥ ನಿರ್ಬಂಧಗಳಿಗೆ ಸಂವಿಧಾನದ 33ನೇ ವಿಧಿಯೇ ಆಧಾರ. ಸಶಸ್ತ್ರ ಪಡೆಗಳಲ್ಲಿ ಶಿಸ್ತು ಕಾಪಾಡಲು ಸಿಬ್ಬಂದಿಯ ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸಬಹುದು. ನಿರ್ಬಂಧ ಮದ್ಯಕ್ಕಷ್ಟೇ ಅಲ್ಲ; 2020ರ ಜುಲೈನಲ್ಲಿ ಫೇಸ್‌ಬುಕ್ ಸೇರಿ 89 ಆ್ಯಪ್‌ಗಳನ್ನು ಮೊಬೈಲ್‌ನಿಂದ ತೆಗೆದುಹಾಕುವಂತೆ ಸೇನೆ ತನ್ನ ಸಿಬ್ಬಂದಿಗೆ ಆದೇಶಿಸಿತ್ತು.

ಬೇರೆ ದೇಶಗಳಲ್ಲೂ ಹೀಗೆಯೇ. ಅಮೆರಿಕದ ನೌಕಾಪಡೆ 1914ರಲ್ಲೇ ಹಡಗುಗಳಲ್ಲಿ ಮದ್ಯ ನಿಷೇಧಿಸಿತು. ಬ್ರಿಟಿಷ್ ನಾವಿಕರ ದಿನದ ರಮ್ 1970ರ ಜುಲೈ 31ಕ್ಕೆ ನಿಂತಿತು. ಸೂಕ್ಷ್ಮ ಯಂತ್ರಗಳನ್ನು ನಡೆಸುವವರಿಗೆ ಅಮಲು ಸಲ್ಲದು ಎಂಬುದು ಬ್ರಿಟನ್ ಕೊಟ್ಟ ಕಾರಣ. ಎರಡನೇ ಮಹಾಯುದ್ಧದಲ್ಲಿ ಊಟದ ಪೊಟ್ಟಣದಲ್ಲೇ ಸಿಗರೇಟು ಕೊಡುತ್ತಿದ್ದ ಅಮೆರಿಕ, ಒಳಗಿನ ಗಾಳಿಯನ್ನೇ ಎಲ್ಲರೂ ಉಸಿರಾಡುವ ಜಲಾಂತರ್ಗಾಮಿಗಳಲ್ಲಿ 2010ರ ಕೊನೆಗೆ ಧೂಮಪಾನ ನಿಲ್ಲಿಸಿತು.

ಬೆಳಗಾವಿ, ಕೊಡಗು ಮುಂತಾದೆಡೆ ಸೇನೆ ಸೇರಲು ತಯಾರಾಗುವ ಯುವಕರಿಗೆ ಓಟ, ಎತ್ತರ, ಎದೆಯಳತೆಯ ಜೊತೆಗೆ ಈ ಕಲಂಗಳನ್ನೂ ತರಬೇತಿಯಲ್ಲೇ ತಿಳಿಸುವುದು ಒಳಿತು.

– ಓದುಗ, ಬೆಳಗಾವಿ